ನವಾಹೋ ಕೋಡ್ ಟಾಕರ್‌ಗಳು: ಶಾಲೆಯಲ್ಲಿ ಏಟು ತಿಂದ ಭಾಷೆಯಲ್ಲೇ ಯುದ್ಧ ಮಾಡಿದವರ ಕತೆ, ಸ್ವಲ್ಪ ಪೂರ್ತಿಯಾಗಿ

ತುಂಗಾತೀರ (ಚರ್ಚೆ ಶುರು ಮಾಡಿದವರು)

ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ. ಅಮೆರಿಕ ತಾನು ತುಳಿದ ಭಾಷೆಯಿಂದಲೇ ಜಪಾನನ್ನು ಸೋಲಿಸಿತು ಅಂತ ಎರಡು ಸಾಲು, ಕೆಳಗೆ ಒಂದು ಬಾವುಟ, ಒಂದಷ್ಟು ಚಪ್ಪಾಳೆ. ಎರಡನೇ ಮಹಾಯುದ್ಧದಲ್ಲಿ ತಮ್ಮ ಭಾಷೆಯ ಗುಟ್ಟಿನ ಸಂಕೇತದಲ್ಲಿ ರೇಡಿಯೋ ಸಂದೇಶ ಕಳಿಸಿದ ನವಾಹೋ ಸೈನಿಕರ, ಅಂದರೆ ಕೋಡ್ ಟಾಕರ್‌ಗಳ ಕತೆ ಅದು. ಕತೆ ಸುಳ್ಳೇನಲ್ಲ. ಆದರೆ ಅದನ್ನು ಓದಿದವರಿಗೆ ನ್ಯಾಯ ಸಿಕ್ಕಿಬಿಟ್ಟಿತು, ಎಲ್ಲ ಸುಖಾಂತ್ಯ ಅನ್ನಿಸುತ್ತದೆ. ಅದು ಸರಿಯಲ್ಲ ಅನ್ನುವುದು ನನ್ನ ತಕರಾರು. ಉದ್ದ ಬರೆಯುತ್ತೇನೆ, ಗೊತ್ತಿದ್ದವರು ಸೇರಿಸಿ.

ನವಾಹೋ ಅಂದರೆ ಅಮೆರಿಕದ ಒಂದು ಮೂಲನಿವಾಸಿ ಜನ, ತಮ್ಮನ್ನು ದಿನೆ ಎಂದು ಕರೆದುಕೊಳ್ಳುತ್ತಾರೆ. ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ರಾಜ್ಯಗಳಿಗೆ ಹರಡಿಕೊಂಡ ಒಣ ಸೀಮೆ ಅವರ ನೆಲ. 1864ರಲ್ಲಿ ಅಮೆರಿಕದ ಸೈನ್ಯ ಅವರ ಹೊಲ, ಪೀಚ್ ತೋಟಗಳನ್ನು ಹಾಳು ಮಾಡಿ, ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿ ಬೋಸ್ಕ್ ರೆಡೊಂಡೊ ಎಂಬ ಬಯಲಲ್ಲಿ ಕೂಡಿ ಹಾಕಿತು. 1868ರ ಒಪ್ಪಂದ ಆದ ಮೇಲೆ ಊರಿಗೆ ಬಿಟ್ಟರು. ಅದೇ ಒಪ್ಪಂದದಲ್ಲಿ 6ರಿಂದ 16 ವಯಸ್ಸಿನ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು ಎಂಬ ಕಲಮು ಇತ್ತು. ಶಾಲೆ ಅಂದರೆ ಮುಂದೆ ವಸತಿ ಶಾಲೆ ಆಯಿತು. ತಲೆಗೂದಲು ಕತ್ತರಿಸುವುದು, ಹೆಸರು ಬದಲಿಸುವುದು, ಮನೆ ಮಾತು ಬಂದ್.

ಚೆಸ್ಟರ್ ನೆಜ್ ಅಂತ ಒಬ್ಬರು. ಚೆಸ್ಟರ್ ಅನ್ನುವ ಹೆಸರೂ ಶಾಲೆಯಲ್ಲಿ ಇಟ್ಟದ್ದೇ, ಹಳೆಯ ಅಧ್ಯಕ್ಷರೊಬ್ಬರ ಹೆಸರು. ಫೋರ್ಟ್ ಡಿಫಯನ್ಸ್ ಶಾಲೆಯಲ್ಲಿ ಬಾಯಿತಪ್ಪಿ ಒಂದು ನವಾಹೋ ಮಾತು ಬಂದರೆ, ಬಟ್ಟೆ ಒಗೆಯುವ ಕಂದು ಸೋಪು ಹಚ್ಚಿದ ಬ್ರಷ್ಷಿನಿಂದ ಹಲ್ಲು ಉಜ್ಜಿಸುತ್ತಿದ್ದರು. ಕಾರ್ಲ್ ಗೋರ್ಮನ್ ಅಂತ ಇನ್ನೊಬ್ಬರು. ಅವರನ್ನು ಶಾಲೆಯ ನೆಲಮಾಳಿಗೆಯಲ್ಲಿ ಕಬ್ಬಿಣದ ಪೈಪಿಗೆ ಸರಪಳಿಯಿಂದ ಕಟ್ಟಿದ್ದರು. ಇಬ್ಬರೂ ಮುಂದೆ ಅಮೆರಿಕದ ಮೆರೀನ್ ದಳದ (ಸಮುದ್ರದಿಂದ ದಡಕ್ಕೆ ಇಳಿದು ಕಾದಾಡುವ ಸೈನ್ಯ) ಮೊದಲ 29 ಕೋಡ್ ಟಾಕರ್‌ಗಳ ಗುಂಪಿನಲ್ಲಿದ್ದರು.

1942ರ ಶುರುವಿನಲ್ಲಿ ಫಿಲಿಪ್ ಜಾನ್‌ಸ್ಟನ್ ಎಂಬ ಎಂಜಿನಿಯರ್, ಗುಟ್ಟಿನ ಸಂದೇಶಗಳನ್ನು ನವಾಹೋ ಭಾಷೆಯಲ್ಲಿ ಕಳಿಸುವ ಯೋಚನೆಯನ್ನು ಮೆರೀನ್ ದಳದ ಮುಂದೆ ಇಟ್ಟರು. ಪಾದ್ರಿಯ ಮಗ, ನವಾಹೋ ಮಕ್ಕಳ ಜೊತೆ ಆಡಿ ಬೆಳೆದವರು. ಫೆಬ್ರವರಿಯಲ್ಲಿ ಸ್ಯಾನ್ ಡಿಯಾಗೋ ಹತ್ತಿರದ ಕ್ಯಾಂಪ್ ಎಲಿಯಟ್‌ನಲ್ಲಿ ಪರೀಕ್ಷೆ ಆಯಿತು. ಮೇ ತಿಂಗಳಲ್ಲಿ 29 ಹುಡುಗರು ಸೇರಿದರು. ಕೆಲವರಿಗೆ ಇನ್ನೂ ವಯಸ್ಸೇ ಆಗಿರಲಿಲ್ಲ. ಜನನದ ದಾಖಲೆ ಇರದಿದ್ದರಿಂದ ಹೇಳಿದ್ದೇ ವಯಸ್ಸು. ಗೋರ್ಮನ್ ಉಲ್ಟಾ, ವಯಸ್ಸು ಜಾಸ್ತಿ ಆಗಿದ್ದರಿಂದ ಕಡಿಮೆ ಹೇಳಿ ಸೇರಿಕೊಂಡರು.

ನನ್ನ ಪ್ರಶ್ನೆ ಇಷ್ಟೇ. ಇಷ್ಟೆಲ್ಲ ಮಾಡಿದ ಸರಕಾರದ ಪರ ಇವರು ಯಾಕೆ ಹೋದರು? ಹೋಗಿ ಬಂದ ಮೇಲೆ ಅವರಿಗೆ ಏನು ಸಿಕ್ಕಿತು?

ಸಿಗ್ನಲ್_ಹವಾಲ್ದಾರ್

ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಒಂದು ವಿಷಯ. ಎಲ್ಲರೂ ಅಂದುಕೊಳ್ಳುವುದು, ಇಬ್ಬರು ನವಾಹೋಗಳು ರೇಡಿಯೋದಲ್ಲಿ ತಮ್ಮ ಭಾಷೆ ಮಾತಾಡಿದರು, ಜಪಾನಿಯರಿಗೆ ಅರ್ಥ ಆಗಲಿಲ್ಲ, ಅಷ್ಟೇ ಅಂತ. ಅಷ್ಟೇ ಆಗಿದ್ದರೆ ಒಬ್ಬ ನವಾಹೋ ಕೈದಿ ಸಿಕ್ಕ ದಿನವೇ ಆಟ ಮುಗಿಯುತ್ತಿತ್ತು.

ಆ 29 ಹುಡುಗರು ಭಾಷೆಯೊಳಗೆ ಒಂದು ಸಂಕೇತ ಕಟ್ಟಿದರು. ಜಾಸ್ತಿ ಬಳಸುವ ಸೈನ್ಯದ ಪದಗಳಿಗೆ ಒಂದೊಂದು ಅಡ್ಡಹೆಸರು. ಟ್ಯಾಂಕ್‌ಗೆ ಆಮೆ, ಸಬ್‌ಮರೀನ್‌ಗೆ ಕಬ್ಬಿಣದ ಮೀನು, ಫೈಟರ್ ವಿಮಾನಕ್ಕೆ ಝೇಂಕಾರದ ಹಕ್ಕಿ, ಬಾಂಬರ್‌ಗೆ ರಣಹದ್ದು, ಬಾಂಬಿಗೆ ಮೊಟ್ಟೆ, ಕೈಬಾಂಬಿಗೆ ಆಲೂಗಡ್ಡೆ. ಪಟ್ಟಿಯಲ್ಲಿ ಇಲ್ಲದ ಪದ, ಊರಿನ ಹೆಸರು ಬಂದರೆ ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕು. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದು ನವಾಹೋ ಪದ.

ಇಲ್ಲೊಂದು ತೊಡಕಿತ್ತು. ಇಂಗ್ಲಿಷಿನಲ್ಲಿ ಇ, ಟಿ, ಎ ತರಹದ ಅಕ್ಷರಗಳು ಪದೇ ಪದೇ ಬರುತ್ತವೆ. ಒಂದೇ ಪದ ಪದೇ ಪದೇ ಕೇಳಿಸಿದರೆ ಕಿವಿಗೊಟ್ಟು ಕೂತವನು ಲೆಕ್ಕ ಹಾಕಿ ಹಿಡಿದುಬಿಡುತ್ತಾನೆ. ಹಾಗಾಗಿ ಮುಂದೆ ಜಾಸ್ತಿ ಬರುವ ಆರು ಅಕ್ಷರಗಳಿಗೆ ಮೂರು ಮೂರು ಪದ, ಅದರ ನಂತರದ ಆರಕ್ಕೆ ಎರಡೆರಡು ಪದ ಕೊಟ್ಟರು. 26 ಅಕ್ಷರಕ್ಕೆ ಒಟ್ಟು 44 ಪದ ಆಯಿತು. ಎ ಬೇಕಾದರೆ ಇರುವೆ ಅನ್ನಿ, ಸೇಬು ಅನ್ನಿ, ಕೊಡಲಿ ಅನ್ನಿ. ಸಿಗ್ನಲ್ಸ್‌ನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಇದು ಪಕ್ಕಾ ವೃತ್ತಿಪರರ ಕೆಲಸ.

ಮುಖ್ಯ ಲಾಭ ವೇಗ. ಮೂರು ಸಾಲಿನ ಸಂದೇಶವನ್ನು ಯಂತ್ರದಲ್ಲಿ ಸಂಕೇತಕ್ಕೆ ಹಾಕಿ, ಕಳಿಸಿ, ಆ ಕಡೆ ಬಿಡಿಸುವುದಕ್ಕೆ 30 ನಿಮಿಷ ಹಿಡಿಯುತ್ತಿತ್ತು. ಇವರಿಗೆ 20 ಸೆಕೆಂಡ್. ಗುಂಡು ಬೀಳುವ ಜಾಗದಲ್ಲಿ ಅರ್ಧ ಗಂಟೆ ಹಳೆಯ ಸುದ್ದಿ ಯಾರಿಗೆ ಬೇಕು?

ಗಿರಿಜಾ_ಮೇಡಂ

ಹವಾಲ್ದಾರ್ ಸರ್ ಹೇಳಿದ್ದಕ್ಕೆ ಒಂದು ಉದಾಹರಣೆ ಹಾಕುತ್ತೇನೆ. ಜಪಾನಿನ ಐವೋ ಜೀಮಾ ದ್ವೀಪದಲ್ಲಿ ಸುರಿಬಾಚಿ ಅಂತ ಗುಡ್ಡ. 1945ರ ಫೆಬ್ರವರಿ 23ಕ್ಕೆ ಅದರ ಮೇಲೆ ಅಮೆರಿಕದ ಬಾವುಟ ಏರಿತು. ಆ ಫೋಟೋ ನೀವೆಲ್ಲ ನೋಡಿರುತ್ತೀರಿ. ಗುಡ್ಡದ ಹೆಸರು ಕೋಡ್‌ನಲ್ಲಿ ಹೋದದ್ದು ಹೀಗೆ: ದಿಬೆ, ಶಿದಾ, ದಾನೆಸ್ತ್ಸಾ, ತ್ಕಿನ್, ಶಷ್, ವೊಲಾಚಿ, ಮೋಸಿ, ಲಿನ್, ಯೆಹೆಸ್.

ಅಂದರೆ ಕುರಿ, ಸೋದರಮಾವ, ಟಗರು, ಮಂಜುಗಡ್ಡೆ, ಕರಡಿ, ಇರುವೆ, ಬೆಕ್ಕು, ಕುದುರೆ, ತುರಿಕೆ. ಇವುಗಳ ಇಂಗ್ಲಿಷ್ ಪದ ನೆನೆಸಿಕೊಂಡು ಮೊದಲ ಅಕ್ಷರ ಜೋಡಿಸಿ. ಶೀಪ್, ಅಂಕಲ್, ರ‍್ಯಾಮ್, ಐಸ್... ಸುರಿಬಾಚಿ ಆಗುತ್ತದೆ.

ನನ್ನ ಏಳನೇ ಕ್ಲಾಸಿನ ಮಕ್ಕಳಿಗೆ ಇದನ್ನು ಬೋರ್ಡ್ ಮೇಲೆ ಬರೆದು ಬಿಡಿಸಿ ಅಂದೆ. ಕುರಿ ಮತ್ತು ಸೋದರಮಾವ ಪಕ್ಕಪಕ್ಕ ಬಂದದ್ದಕ್ಕೇ ಕ್ಲಾಸ್ ಕೈತಪ್ಪಿ ಹೋಯಿತು!

ಬೆಂಕಿಪೊಟ್ಟಣ

ಕರ್ಮ ಅಂದರೆ ಇದೇ. ಯಾವ ಭಾಷೆ ಬೇಡ ಅಂದರೋ ಅದನ್ನೇ ಕಾಲು ಹಿಡಿದು ಕೇಳಬೇಕಾಯಿತು. ಸೂಪರ್.

ತುಂಗಾತೀರ

ಕಾಲು ಹಿಡಿದರು ಅನ್ನುವುದಕ್ಕೇ ನನ್ನ ತಕರಾರು ಗುರುಗಳೇ. ಯಾರೂ ಕಾಲು ಹಿಡಿಯಲಿಲ್ಲ. ಸೇರಿಸಿಕೊಂಡರು, ಕೆಲಸ ತೆಗೆದುಕೊಂಡರು, ಬಾಯಿ ಮುಚ್ಚಿಕೊಂಡಿರಿ ಅಂತ ಹೇಳಿ ಮನೆಗೆ ಕಳಿಸಿದರು. ಕೋಡ್ ಮುಂದೆಯೂ ಬೇಕಾಗಬಹುದು ಎಂಬ ಲೆಕ್ಕ. ರಹಸ್ಯದ ಮುದ್ರೆ ತೆಗೆದದ್ದು 1968ರಲ್ಲಿ. 23 ವರ್ಷ ಇವರು ಹೆಂಡತಿ ಮಕ್ಕಳಿಗೂ ಹೇಳುವಂತಿರಲಿಲ್ಲ. ಊರಿಗೆ ಬಂದ ಸೈನಿಕನನ್ನು ಯಾರಾದರೂ ನೀನೇನು ಮಾಡಿದೆ ಅಂತ ಕೇಳಿದರೆ, ರೇಡಿಯೋ ಕೆಲಸ ಅಂತ ಸುಮ್ನೆ ಮಾತು ತೇಲಿಸಬೇಕು.

ಇದರ ಪರಿಣಾಮ ನೋಡಿ. ಈ ಭಾಷೆ ಯುದ್ಧದಲ್ಲಿ ಕೆಲಸಕ್ಕೆ ಬಂತು ಎಂದು ಶಾಲೆಯ ಮೇಷ್ಟ್ರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಯುದ್ಧ ಮುಗಿದ ಮೇಲೂ ಮಕ್ಕಳು ಅದೇ ಭಾಷೆಗೆ ಏಟು ತಿನ್ನುತ್ತಲೇ ಇದ್ದರು. ಕೋಡ್ ಟಾಕರ್‌ಗಳ ಸ್ವಂತ ಮಕ್ಕಳೂ ಅಂಥ ಶಾಲೆಗಳಿಗೇ ಹೋದರು.

ಹಳೇಪುಸ್ತಕ

ತುಂಗಾತೀರ ಅವರೇ, ಚಿತ್ರ ಅಷ್ಟೊಂದು ಕಪ್ಪು ಬಿಳುಪಲ್ಲ. 1933ರಿಂದ 1945ರವರೆಗೆ ಮೂಲನಿವಾಸಿಗಳ ಇಲಾಖೆಯ ಮುಖ್ಯಸ್ಥರಾಗಿದ್ದವರು ಜಾನ್ ಕೋಲಿಯರ್. ಅವರು ಭಾಷೆ ಅಳಿಸುವ ನೀತಿಯನ್ನು ಒಪ್ಪಿದವರಲ್ಲ. ಅದೇ ಇಲಾಖೆಯಲ್ಲಿ ರಾಬರ್ಟ್ ಯಂಗ್ ಮತ್ತು ವಿಲಿಯಂ ಮಾರ್ಗನ್ ಸೇರಿ ನವಾಹೋಗೆ ಬರವಣಿಗೆಯ ಕ್ರಮ ಗಟ್ಟಿ ಮಾಡಿದರು. 1943ರಿಂದ ಇಲಾಖೆಯೇ ನವಾಹೋ ಭಾಷೆಯಲ್ಲಿ ಒಂದು ಪತ್ರಿಕೆ ಹೊರಡಿಸಿತು. ಅದು 1957ರವರೆಗೆ ನಡೆಯಿತು. ಯುದ್ಧದ ಸುದ್ದಿಯನ್ನು ಮನೆಯವರು ಅದರಲ್ಲಿ ಓದುತ್ತಿದ್ದರು.

ಅಂದರೆ ಒಂದೇ ಸರಕಾರದ ಒಂದು ಕೈ ಪತ್ರಿಕೆ ಅಚ್ಚು ಹಾಕುತ್ತಿತ್ತು, ಇನ್ನೊಂದು ಕೈ ಕೋಡ್ ಮಾಡಿಸುತ್ತಿತ್ತು, ಮತ್ತೆ ಕೆಳಗಿನ ಶಾಲೆಗಳಲ್ಲಿ ಹಳೆಯ ಪದ್ಧತಿಯೇ. ಮೇಲಿನ ಸುತ್ತೋಲೆ ಹಾಸ್ಟೆಲ್ ವಾರ್ಡನ್‌ವರೆಗೆ ಇಳಿಯುವುದಿಲ್ಲ. ನಮಗೇನು ಇದು ಹೊಸದಾ?

ಇನ್ನೊಂದು, ಇದೇ ಕೋಲಿಯರ್ ಕಾಲದಲ್ಲೇ ನವಾಹೋಗಳಿಗೆ ಇನ್ನೊಂದು ದೊಡ್ಡ ಏಟು ಬಿತ್ತು. ಮಣ್ಣು ಕೊಚ್ಚಿಹೋಗುತ್ತಿದೆ, ಕುರಿ ಮೇಕೆ ಜಾಸ್ತಿ ಆಗಿವೆ ಅಂತ 1930ರ ದಶಕದಲ್ಲಿ ಮಂದೆ ಕಡಿಮೆ ಮಾಡುವ ಯೋಜನೆ ತಂದರು. ಎಷ್ಟೋ ಕಡೆ ಸಾಗಿಸುವ ಖರ್ಚು ಬೇಡ ಅಂತ ಪ್ರಾಣಿಗಳನ್ನು ಅಲ್ಲೇ ಕೊಂದುಬಿಟ್ಟರು. ನೆಜ್ ಮನೆಯವರ ಕುರಿಗಳನ್ನು ಹೊಂಡಕ್ಕೆ ತಳ್ಳಿ ಸುಟ್ಟರು. ಭಾಷೆಯ ವಿಷಯಕ್ಕಿಂತ ಆ ಕುರಿಗಳ ಸಿಟ್ಟು ಅಲ್ಲಿನ ಹಿರಿಯರಲ್ಲಿ ಜಾಸ್ತಿ ಕಾಲ ಉಳಿಯಿತು ಅನ್ನುವುದು ನನ್ನ ಓದಿನ ಅಂದಾಜು. ಕುರಿ ಅವರಿಗೆ ಹಣ, ಊಟ, ಉಣ್ಣೆ, ಮಾನ ಎಲ್ಲ ಆಗಿತ್ತು.

ಓದುಗ_ನಾನು

ಇದನ್ನು ಓದುವಾಗ ನನ್ನ ಶಾಲೆ ನೆನಪಾಯಿತು. ಕನ್ನಡ ಮಾತಾಡಿದರೆ ದಂಡ. ಮಾತಾಡಿದವರ ಹೆಸರು ಬರೆದುಕೊಳ್ಳುವುದಕ್ಕೆ ಕ್ಲಾಸ್ ಲೀಡರ್. ನಮ್ಮದೂ ಅದೇ ಕತೆ ಅಲ್ವಾ?

ಗಿರಿಜಾ_ಮೇಡಂ

ಅಲ್ಲ. ನಿಮಗೆ ಆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮ ಕಡೆ ಅಪ್ಪ ಅಮ್ಮ ಅರ್ಜಿ ಹಿಡಿದು ಕ್ಯೂ ನಿಂತು, ಫೀಸ್ ಕಟ್ಟಿ ಸೇರಿಸಿದ ಶಾಲೆ. ಸಂಜೆ ಮನೆಗೆ ಬಂದರೆ ಅದೇ ಕನ್ನಡ. ಅಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಮನೆಯಿಂದ ದೂರ ಇಟ್ಟರು, ಎಷ್ಟೋ ಸಲ ಹೆತ್ತವರ ಕೈಯಿಂದ ಕಿತ್ತುಕೊಂಡು ಹೋದರು. 2022ರಲ್ಲಿ ಅಮೆರಿಕದ ಸರಕಾರವೇ ಒಂದು ವರದಿ ಕೊಟ್ಟಿತು. 1819ರಿಂದ 1969ರವರೆಗೆ ಸರಕಾರದ ಬೆಂಬಲದಿಂದ ನಡೆದ ಇಂಥ 408 ಶಾಲೆಗಳನ್ನು ಅದರಲ್ಲಿ ಗುರುತಿಸಿದೆ. ಅವುಗಳಲ್ಲಿ ಹಲವು ಕಡೆ ಮಕ್ಕಳ ಸಮಾಧಿಗಳಿವೆ. ಅಧ್ಯಕ್ಷ ಬೈಡನ್ 2024ರ ಅಕ್ಟೋಬರ್‌ನಲ್ಲಿ ಅರಿಜೋನಾಕ್ಕೆ ಹೋಗಿ ಕ್ಷಮೆ ಕೇಳಿದರು.

ಕಡಲತಡಿ

ಹೋಲಿಕೆ ಬೇಕೇ ಬೇಕು ಅಂದರೆ ಗೋವಾ ಹತ್ತಿರ ಬರುತ್ತದೆ. 1684ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಕೊಂಕಣಿ ಬಿಡಬೇಕು, ಮೂರು ವರ್ಷದೊಳಗೆ ಎಲ್ಲರೂ ಪೋರ್ಚುಗೀಸ್ ಮಾತಾಡಬೇಕು ಅಂತ ಆಜ್ಞೆ ಹೊರಡಿಸಿದ. ಗೋವಾ ಬಿಟ್ಟು ಕೆನರಾ ಕರಾವಳಿಗೆ ಬಂದವರ ಬಾಯಲ್ಲಿ, ಇವತ್ತಿಗೂ ನಮ್ಮ ಮನೆಯಲ್ಲಿ, ಕೊಂಕಣಿ ಇದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ದಾರಿ ತಪ್ಪಿಸುವುದಿಲ್ಲ.

ಮೈಲಿಗಲ್ಲು77

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಕೋಡ್‌ನಿಂದ ಯುದ್ಧ ಗೆದ್ದರು ಅನ್ನುವುದೆಲ್ಲ ಅತಿಯಾಯಿತು. ಐವೋ ಜೀಮಾದಲ್ಲಿ ಸುಮಾರು 6,800 ಅಮೆರಿಕನ್ನರು ಸತ್ತರು. ಹಡಗು, ವಿಮಾನ, ಫಿರಂಗಿ, ಜನ, ಎಲ್ಲ ಸುರಿದು ಗೆದ್ದದ್ದು. ನಾಲ್ಕು ನೂರು ರೇಡಿಯೋ ಆಪರೇಟರ್‌ಗಳು ಗೆಲ್ಲಿಸಿದರು ಅಂದರೆ ಉಳಿದವರು ಕಡ್ಲೆಕಾಯಿ ತಿನ್ನುತ್ತಿದ್ದರಾ?

ವಿಂಡ್‌ಟಾಕರ್ಸ್ ಅನ್ನುವ ಹಾಲಿವುಡ್ ಸಿನಿಮಾ ನೋಡಿ ಎಲ್ಲರೂ ಇನ್ನೊಂದನ್ನೂ ನಂಬಿದ್ದಾರೆ. ಪ್ರತಿ ನವಾಹೋ ಸೈನಿಕನ ಹಿಂದೆ ಒಬ್ಬ ಬಿಳಿಯ, ಶತ್ರು ಕೈಗೆ ಸಿಕ್ಕರೆ ಇವನನ್ನು ಕೊಲ್ಲು ಅಂತ ಆದೇಶ. ನಿಜವಾ ಅದು?

ಸಿಗ್ನಲ್_ಹವಾಲ್ದಾರ್

ಗೆಲ್ಲಿಸಿದರು ಅಂತ ನಾನೂ ಅನ್ನುವುದಿಲ್ಲ. ಆದರೆ ಅಲ್ಲೇ ಇದ್ದವರೊಬ್ಬರ ಮಾತು ಕೇಳಿ. 5ನೇ ಮೆರೀನ್ ಡಿವಿಜನ್‌ನ ಸಿಗ್ನಲ್ ಅಧಿಕಾರಿ ಮೇಜರ್ ಹೋವರ್ಡ್ ಕಾನರ್. ನವಾಹೋಗಳು ಇಲ್ಲದಿದ್ದರೆ ಮೆರೀನ್ ದಳ ಐವೋ ಜೀಮಾವನ್ನು ಹಿಡಿಯುತ್ತಲೇ ಇರಲಿಲ್ಲ ಅಂದವರು ಅವರು. ಅವರ ಕೈಕೆಳಗೆ ಮೊದಲ 48 ಗಂಟೆ ಆರು ನವಾಹೋ ರೇಡಿಯೋ ಜಾಲಗಳು ಹಗಲು ರಾತ್ರಿ ಓಡಿದವು. 800ಕ್ಕೂ ಜಾಸ್ತಿ ಸಂದೇಶ, ಒಂದೂ ತಪ್ಪಿಲ್ಲ. ಸಿಗ್ನಲ್ ಅಧಿಕಾರಿ ತನ್ನವರನ್ನು ಸ್ವಲ್ಪ ಜಾಸ್ತಿ ಹೊಗಳುವುದು ಸಹಜ, ಆ ರಿಯಾಯಿತಿ ಕೊಟ್ಟೇ ಓದಿ. ಆದರೆ ಒಂದೂ ತಪ್ಪಿಲ್ಲ ಅನ್ನುವುದು ನನ್ನಂಥವರಿಗೆ ಬೆವರಿಳಿಸುವ ಮಾತು. ನಕ್ಷೆಯ ಅಂಕೆಯಲ್ಲಿ ಒಂದು ಏರುಪೇರಾದರೆ ಫಿರಂಗಿ ಗುಂಡು ಬೀಳುವುದು ನಮ್ಮವರ ತಲೆ ಮೇಲೆ.

ಕೆಲಸ ಹೇಗಿತ್ತು ಅಂದರೆ, ಇಬ್ಬಿಬ್ಬರ ಜೋಡಿ. ಟಿಬಿಎಕ್ಸ್ ಅಂತ ರೇಡಿಯೋ ಸೆಟ್, ಅದಕ್ಕೆ ಕೈಯಲ್ಲಿ ತಿರುಗಿಸುವ ಜನರೇಟರ್. ಒಬ್ಬ ಕೂತು ಹ್ಯಾಂಡಲ್ ತಿರುಗಿಸುತ್ತಲೇ ಇರಬೇಕು, ಇನ್ನೊಬ್ಬ ಮಾತಾಡಬೇಕು. ಪುಸ್ತಕ ಜೊತೆಗೆ ಒಯ್ಯುವಂತಿಲ್ಲ, ಪಟ್ಟಿ ಪೂರ್ತಿ ಬಾಯಿಪಾಠ. ಸಂದೇಶ ಹೋದ ತಕ್ಷಣ ಜಾಗ ಬದಲಿಸಬೇಕು, ಇಲ್ಲದಿದ್ದರೆ ರೇಡಿಯೋ ಎಲ್ಲಿದೆ ಅಂತ ಶತ್ರು ಲೆಕ್ಕ ಹಾಕಿ ಮಾರ್ಟರ್ ಬಿಡುತ್ತಾನೆ. ನೆಜ್ ಮತ್ತು ರಾಯ್ ಬೆಗೇ ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಕಳಿಸಿದ ಮೊದಲ ಸಂದೇಶ ಸಣ್ಣದು. ನಿಮ್ಮ ಬಲಗಡೆ ಶತ್ರುವಿನ ಮೆಷಿನ್ ಗನ್ ಇದೆ, ಹೊಡೆಯಿರಿ. ಹೊಡೆದರು.

ಕೊಲ್ಲುವ ಆದೇಶದ ಬಗ್ಗೆ: ಅಂಥ ಲಿಖಿತ ಆದೇಶ ಹೊರಗೆ ಬಂದಿಲ್ಲ. ಕೆಲವರ ಜೊತೆ ಕಾವಲಿಗೆ ಜನ ಇದ್ದದ್ದು ನಿಜ. ಅದಕ್ಕೆ ಕಾರಣವೂ ಇತ್ತು. ಅಮೆರಿಕದ ಸೈನಿಕರೇ ಇವರ ಮುಖ ನೋಡಿ ಜಪಾನಿಯರು ಅಂತ ಬಂದೂಕು ಗುರಿಯಿಟ್ಟ ಪ್ರಸಂಗಗಳು ಒಂದಲ್ಲ ಎರಡಲ್ಲ.

ಹಳೇಪುಸ್ತಕ

ಕೈದಿಯ ಮಾತು ಬಂದಿದ್ದಕ್ಕೆ ಜೋ ಕಿಯೂಮಿಯಾ ಅವರನ್ನು ನೆನೆಯಲೇಬೇಕು. ನವಾಹೋ, ಆದರೆ ಕೋಡ್ ಟಾಕರ್ ಅಲ್ಲ. 1942ರಲ್ಲಿ ಫಿಲಿಪೈನ್ಸ್‌ನಲ್ಲಿ ಸೆರೆ ಸಿಕ್ಕರು, ಜಪಾನಿಯರು ಕೈದಿಗಳನ್ನು ಬಲವಂತವಾಗಿ ನಡೆಸಿದ ಬಟಾನ್‌ನ ಸಾವಿನ ನಡಿಗೆಯಲ್ಲಿ ಬದುಕಿ ಉಳಿದರು. ಜಪಾನಿಯರು ಮೊದಲು ಅವರನ್ನು ಜಪಾನಿ ಮೂಲದವ ಅಂತ ಹೊಡೆದರು. ಆಮೇಲೆ ನವಾಹೋ ಅಂತ ಗೊತ್ತಾಗಿ, ರೇಡಿಯೋದಲ್ಲಿ ಹಿಡಿದ ಸಂದೇಶ ಕೇಳಿಸಿ ಅರ್ಥ ಹೇಳು ಅಂತ ಹಿಂಸೆ ಕೊಟ್ಟರು. ಅವರಿಗೆ ಪದಗಳೇನೋ ತಿಳಿಯುತ್ತಿದ್ದವು. ಕುರಿ, ಮಾವ, ಟಗರು, ಆಮೆ, ಆಲೂಗಡ್ಡೆ. ಏನು ಹೇಳಲು ಸಾಧ್ಯ? ಬೆತ್ತಲೆ ಮಾಡಿ ಹೆಪ್ಪುಗಟ್ಟಿದ ನೆಲದ ಮೇಲೆ ನಿಲ್ಲಿಸಿದಾಗ ಪಾದ ನೆಲಕ್ಕೆ ಅಂಟಿ ಚರ್ಮ ಕಿತ್ತುಬಂತು. ಬಾಂಬ್ ಬಿದ್ದ ದಿನ ಅವರು ನಾಗಸಾಕಿಯ ಸೆರೆಮನೆಯಲ್ಲಿದ್ದರು. ಗೋಡೆ ಕಾಪಾಡಿತು.

ಮುಂದೆ ಅವರೇ ಹೇಳಿಕೊಂಡಂತೆ, ಇಂಥ ಕೋಡ್ ಇತ್ತು ಅನ್ನುವುದೇ ಅವರಿಗೆ ತಿಳಿದದ್ದು ಯುದ್ಧ ಮುಗಿದ ಮೇಲೆ.

ಬೆಂಕಿಪೊಟ್ಟಣ

ಈ ಐಡಿಯಾ ಮೊದಲು ಬಂದದ್ದು ಜಾನ್‌ಸ್ಟನ್‌ಗೇನಾ?

ಹಳೇಪುಸ್ತಕ

ಇಲ್ಲ. ಮೊದಲ ಮಹಾಯುದ್ಧದಲ್ಲೇ ಚಾಕ್ಟಾ ಎಂಬ ಇನ್ನೊಂದು ಮೂಲನಿವಾಸಿ ಜನ ಮಾಡಿದ್ದರು. 1918ರ ಅಕ್ಟೋಬರ್, ಫ್ರಾನ್ಸ್. ಜರ್ಮನರು ಟೆಲಿಫೋನ್ ತಂತಿಗೆ ಕದ್ದು ಕಿವಿ ಇಟ್ಟಿದ್ದರು. 36ನೇ ಡಿವಿಜನ್ನಿನ ಅಧಿಕಾರಿಗಳು ತಮ್ಮಲ್ಲಿದ್ದ ಒಕ್ಲಹೋಮಾದ ಚಾಕ್ಟಾ ಸೈನಿಕರನ್ನು ಫೋನಿನ ಮುಂದೆ ಕೂರಿಸಿದರು. ಅವರ ಭಾಷೆಯಲ್ಲಿ ಮೆಷಿನ್ ಗನ್‌ಗೆ ಪದ ಇರಲಿಲ್ಲ, ಬೇಗ ಹೊಡೆಯುವ ಸಣ್ಣ ಬಂದೂಕು ಅಂದರು. ಮೊದಲ, ಎರಡನೇ, ಮೂರನೇ ಬೆಟಾಲಿಯನ್‌ಗೆ ಒಂದು ಕಾಳು ಜೋಳ, ಎರಡು ಕಾಳು, ಮೂರು ಕಾಳು. ಚೆರೋಕಿ ಸೈನಿಕರೂ ಅದೇ ವರ್ಷ ಇದೇ ಕೆಲಸ ಮಾಡಿದ್ದರು. ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ಕೊಟ್ಟ ಕಾನೂನು ಬಂದದ್ದು 1924ರಲ್ಲಿ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಎರಡನೇ ಯುದ್ಧದಲ್ಲಿ ಕಮಾಂಚಿಗಳು ಯೂರೋಪಿಗೆ ಹೋದರು, 1944ರ ಜೂನ್‌ನಲ್ಲಿ ನಾರ್ಮಂಡಿಯ ಯೂಟಾ ತೀರದಲ್ಲಿ ಇಳಿದರು. ಹಿಟ್ಲರನಿಗೆ ಅವರಿಟ್ಟ ಹೆಸರು ಹುಚ್ಚು ಬಿಳಿಯ! ನವಾಹೋಗಳ ಸಂಖ್ಯೆ ದೊಡ್ಡದು, ಸುಮಾರು 400. ಅದಕ್ಕೇ ಅವರ ಹೆಸರು ಮುಂದೆ ನಿಂತಿತು. ಉಳಿದ ಬುಡಕಟ್ಟುಗಳ ಕೋಡ್ ಟಾಕರ್‌ಗಳಿಗೂ ಪದಕ ಕೊಡುವ ಕಾನೂನು 2008ರಲ್ಲಿ ಬಂತು, ಪದಕ ಕೊಟ್ಟದ್ದು 2013ರಲ್ಲಿ. ಅಷ್ಟು ಹೊತ್ತಿಗೆ ತೆಗೆದುಕೊಳ್ಳುವುದಕ್ಕೆ ಬಹುತೇಕ ಯಾರೂ ಉಳಿದಿರಲಿಲ್ಲ.

ಜಾನ್‌ಸ್ಟನ್ ಬಗ್ಗೆ ಒಂದು ಮಾತು. ಯೋಚನೆ ಅವರದು, ಸರಿ. ಕೋಡ್ ಅವರದಲ್ಲ. ಅದನ್ನು ಕಟ್ಟಿದ್ದು ಆ 29 ಜನ. ಹಳೆಯ ಬರಹಗಳಲ್ಲಿ ಇದನ್ನು ಬೆರೆಸಿಬಿಡುತ್ತಾರೆ.

ಫೀನಿಕ್ಸ್_ಕನ್ನಡಿಗ

ಇವತ್ತು ನೋಡಿದೆ ಈ ಚರ್ಚೆಯನ್ನು. ಅರಿಜೋನಾದಲ್ಲೇ ಇರುವವನು, ಆ ಕಡೆ ಓಡಾಡಿದ್ದೇನೆ. ಕಯೆಂಟಾ ಎಂಬ ಊರಿನಲ್ಲಿ ಒಂದು ಬರ್ಗರ್ ಕಿಂಗ್ ಇದೆ. ಮಾನ್ಯುಮೆಂಟ್ ವ್ಯಾಲಿಗೆ ಹೋಗುವವರೆಲ್ಲ ಅಲ್ಲಿ ನಿಲ್ಲಿಸುತ್ತಾರೆ. ಒಳಗೆ ಹೋದರೆ ಟೇಬಲ್‌ಗಳ ಪಕ್ಕ ಗಾಜಿನ ಕಪಾಟುಗಳು, ಅದರಲ್ಲಿ ಕೋಡ್ ಟಾಕರ್‌ಗಳ ಫೋಟೋ, ಯುದ್ಧದ ಕಾಲದ ಸಾಮಾನು. ಮಾಲೀಕರ ತಂದೆಯೇ ಕೋಡ್ ಟಾಕರ್ ಆಗಿದ್ದವರು. ಫ್ರೆಂಚ್ ಫ್ರೈಸ್ ಕೈಯಲ್ಲಿ ಹಿಡಿದು ಮ್ಯೂಸಿಯಂ ನೋಡುವುದು ವಿಚಿತ್ರ ಅನ್ನಿಸಿತು. ಆದರೆ ದೊಡ್ಡ ಮ್ಯೂಸಿಯಂನಲ್ಲಿ ಇಟ್ಟಿದ್ದರೆ ಊರಿನ ಹುಡುಗರು ಇಷ್ಟು ಸಲ ನೋಡುತ್ತಿರಲಿಲ್ಲ.

ಕಾರಿನಲ್ಲಿ ಎಎಂ 660 ಹಾಕಿದರೆ ಕೆಟಿಎನ್‌ಎನ್ ಸಿಗುತ್ತದೆ, ನವಾಹೋ ಭಾಷೆಯ ರೇಡಿಯೋ. ಬ್ಯಾಸ್ಕೆಟ್‌ಬಾಲ್ ಕಾಮೆಂಟರಿ ನವಾಹೋದಲ್ಲಿ ಕೇಳಿದ್ದೇನೆ. ಗಂಟಲಲ್ಲಿ ತಡೆದು ಬಿಡುವ ಶಬ್ದ, ಮೂಗಿನ ಸ್ವರ, ದನಿ ಏರಿಳಿದರೆ ಅರ್ಥವೇ ಬೇರೆ. ಎಷ್ಟು ಕಿವಿಗೊಟ್ಟರೂ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ನಡುವೆ ಒಮ್ಮೊಮ್ಮೆ ತಂಡದ ಇಂಗ್ಲಿಷ್ ಹೆಸರು ಬಂದಾಗ ಮಾತ್ರ, ಓ ಇನ್ನೂ ಆಟವೇ ನಡೆಯುತ್ತಿದೆ ಅಂತ ತಿಳಿಯುತ್ತದೆ.

ತುಂಗಾತೀರ ಅವರು ಕೇಳಿದ್ದು, ಯಾಕೆ ಹೋದರು ಅಂತ. ಅಲ್ಲಿ ಹಿರಿಯರನ್ನು ಕೇಳಿದರೆ ಸಿಗುವ ಉತ್ತರ ನೇರ. ಇದು ನಮ್ಮ ನೆಲ, ಸರಕಾರ ಬಂದದ್ದು ಆಮೇಲೆ. 1940ರ ಜೂನ್‌ನಲ್ಲೇ, ಅಮೆರಿಕ ಯುದ್ಧಕ್ಕೆ ಇಳಿಯುವ ಮುಂಚೆ, ನವಾಹೋ ಮಂಡಳಿ ತಮ್ಮ ರಾಜಧಾನಿ ವಿಂಡೋ ರಾಕ್‌ನಲ್ಲಿ ಸೇರಿ ದೇಶದ ಪರ ನಿಲ್ಲುವ ಠರಾವು ಮಾಡಿತ್ತು. ಕೋಡ್‌ನಲ್ಲಿ ಅಮೆರಿಕಕ್ಕೆ ಇಟ್ಟ ಹೆಸರು ನಮ್ಮ ತಾಯಿ. ಇದರ ಜೊತೆ ಸಂಬಳ, ಊರು ಬಿಟ್ಟು ಲೋಕ ನೋಡುವ ಆಸೆ, ಶಾಲೆಯಿಂದ ತಪ್ಪಿಸಿಕೊಳ್ಳುವುದು, ಇವೂ ಇದ್ದವು. 18 ವರ್ಷದ ಹುಡುಗ ಎಲ್ಲಿಯವನಾದರೂ ಹುಡುಗನೇ.

ಗಿರಿಜಾ_ಮೇಡಂ

ಕೋಡ್‌ನಲ್ಲಿ ದೇಶಗಳಿಗೆ ಇಟ್ಟ ಹೆಸರುಗಳ ಪಟ್ಟಿಯಲ್ಲಿ ಇಂಡಿಯಾ ಕೂಡ ಇದೆ, ಯಾರಾದರೂ ಗಮನಿಸಿದಿರಾ? ಆ-ಲೆ-ಗಾಯ್, ಬಿಳಿ ಬಟ್ಟೆ. 1942ರ ಪತ್ರಿಕೆಗಳಲ್ಲಿ ಗಾಂಧಿ ಫೋಟೋ ನೋಡಿರಬೇಕು ಅಂತ ನನ್ನ ಊಹೆ. ಜರ್ಮನಿಗೆ ಕಬ್ಬಿಣದ ಟೋಪಿ, ಚೀನಾಕ್ಕೆ ಜಡೆ, ಬ್ರಿಟನ್‌ಗೆ ನೀರಿನ ನಡುವೆ.

ಮೈಲಿಗಲ್ಲು77

ಜಪಾನಿಗೆ ಏನಿಟ್ಟಿದ್ದರು ಅನ್ನುವುದನ್ನೂ ಹೇಳಿ ಮೇಡಂ. ಓರೆಗಣ್ಣು. ಆಫ್ರಿಕಾಕ್ಕೆ ಇಟ್ಟದ್ದು ಕರಿಯರು. ಬೈಗುಳ ತಿಂದವರೂ ಬೈಗುಳ ಕಲಿಯುತ್ತಾರೆ.

ಗಿರಿಜಾ_ಮೇಡಂ

ನಿಜ, ಅದೂ ಪಟ್ಟಿಯಲ್ಲೇ ಇದೆ. ಮಕ್ಕಳ ಮುಂದೆ ಬೋರ್ಡಿನ ಮೇಲೆ ನಾನು ಹಾಕುವುದಿಲ್ಲ, ಆದರೆ ಬಚ್ಚಿಡಬೇಕಾದ್ದೂ ಇಲ್ಲ. ಆ ಕಾಲದ ಅಮೆರಿಕದ ಪೋಸ್ಟರ್‌ಗಳು ಆಡುತ್ತಿದ್ದ ಮಾತೇ ಅದು.

ತುಂಗಾತೀರ

ಫೀನಿಕ್ಸ್ ಅವರೇ, ಉತ್ತರಕ್ಕೆ ಥ್ಯಾಂಕ್ಸ್. ನನ್ನ ಎರಡನೇ ಪ್ರಶ್ನೆಗೆ ನಾನೇ ಹುಡುಕಿದ್ದನ್ನು ಹಾಕುತ್ತೇನೆ. ವಾಪಸ್ ಬಂದು ಏನು ಸಿಕ್ಕಿತು?

ನೆಜ್ ಸಮವಸ್ತ್ರದಲ್ಲೇ ಸರಕಾರಿ ಕಚೇರಿಗೆ ಗುರುತಿನ ಚೀಟಿ ಮಾಡಿಸಲು ಹೋದಾಗ, ನೀನು ಪೂರ್ತಿ ಪ್ರಜೆ ಅಲ್ಲ ಎಂದು ಕಚೇರಿಯವನೊಬ್ಬ ಚುಚ್ಚಿದ. ಅರಿಜೋನಾ ಮತ್ತು ನ್ಯೂ ಮೆಕ್ಸಿಕೋದಲ್ಲಿ ಮೀಸಲು ಪ್ರದೇಶದ ಮೂಲನಿವಾಸಿಗಳಿಗೆ ವೋಟು ಸಿಕ್ಕಿದ್ದು 1948ರಲ್ಲಿ, ಅದೂ ಕೋರ್ಟಿಗೆ ಹೋದ ಮೇಲೆ. ನ್ಯೂ ಮೆಕ್ಸಿಕೋದ ದಾವೆ ಹಾಕಿದ ಮಿಗೆಲ್ ಟ್ರುಹಿಯೋ ತಾನೂ ಮೆರೀನ್ ದಳದಲ್ಲಿದ್ದವರು. ಯೂಟಾದಲ್ಲಿ ಅಡ್ಡಿಯಾಗಿದ್ದ ಕಾನೂನು ತೆಗೆದದ್ದು 1957ರಲ್ಲಿ. ಮಾಜಿ ಸೈನಿಕರಿಗೆಂದು ಬಂದ ಮನೆ ಸಾಲ? ಮೀಸಲು ಪ್ರದೇಶದ ನೆಲ ಸರಕಾರದ ಟ್ರಸ್ಟ್‌ನಲ್ಲಿದೆ, ಅಡ ಇಡುವುದಕ್ಕೆ ಬರುವುದಿಲ್ಲ, ಹಾಗಾಗಿ ಸಾಲ ಇಲ್ಲ.

ನಿದ್ದೆಯಲ್ಲಿ ಜಪಾನಿ ಸೈನಿಕರು ಬರುತ್ತಿದ್ದರಂತೆ ನೆಜ್ ಅವರಿಗೆ. ಮನೆಯವರು ಶತ್ರು ದಾರಿ ಎಂಬ ಶಾಂತಿ ಕರ್ಮ ಮಾಡಿಸಿದರು. ಯುದ್ಧದಿಂದ ಬಂದವರ ಮೈಮನಸ್ಸಿಗೆ ಅಂಟಿದ್ದನ್ನು ಬಿಡಿಸುವ, ದಿನಗಟ್ಟಲೆ ನಡೆಯುವ ಹಾಡು ಪ್ರಾರ್ಥನೆಯ ಆಚರಣೆ ಅದು. ಸರಕಾರದ ಆಸ್ಪತ್ರೆಯಲ್ಲಿ ಆಗದ್ದು ಅಲ್ಲಿ ಆಯಿತು. ಶಾಲೆಯವರು ಬಿಡಿಸಬೇಕು ಅಂದುಕೊಂಡಿದ್ದರಲ್ಲ, ಆ ಪದ್ಧತಿಗಳಲ್ಲಿ ಇದೂ ಒಂದು.

ಪದಕಗಳು? 1982ರಲ್ಲಿ ರೇಗನ್ ಆಗಸ್ಟ್ 14ನ್ನು ಕೋಡ್ ಟಾಕರ್‌ಗಳ ದಿನ ಅಂದರು. 2001ರ ಜುಲೈನಲ್ಲಿ ಮೊದಲ 29 ಜನರಿಗೆ ಕಾಂಗ್ರೆಸ್‌ನ ಚಿನ್ನದ ಪದಕ ಕೊಟ್ಟರು. ಅಷ್ಟು ಹೊತ್ತಿಗೆ ಬದುಕಿದ್ದವರು ಐವರು, ವಾಷಿಂಗ್ಟನ್‌ಗೆ ಬರಲು ಆದದ್ದು ನಾಲ್ವರಿಗೆ. ಆ 29ರಲ್ಲಿ ಕೊನೆಯವರು ಚೆಸ್ಟರ್ ನೆಜ್, 2014ರ ಜೂನ್ 4ರಂದು ತೀರಿಕೊಂಡರು.

ಓದುಗ_ನಾನು

ಈಗ ಭಾಷೆ ಹೇಗಿದೆ? ಉಳಿಯುತ್ತಾ?

ಫೀನಿಕ್ಸ್_ಕನ್ನಡಿಗ

2010ರ ಹೊತ್ತಿಗೆ ಮನೆಯಲ್ಲಿ ಆಡುವವರು ಸುಮಾರು 1,70,000. ಅಮೆರಿಕದ ಮೂಲನಿವಾಸಿ ಭಾಷೆಗಳಲ್ಲಿ ಅದೇ ದೊಡ್ಡದು. ಆದರೆ ಅಜ್ಜಿ ನವಾಹೋದಲ್ಲಿ ಕೇಳಿದರೆ ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನು ಅಂಗಡಿ, ಪೆಟ್ರೋಲ್ ಬಂಕ್ ಎಲ್ಲ ಕಡೆ ಕಾಣುತ್ತೇನೆ. ರಫ್ ರಾಕ್ ಎಂಬಲ್ಲಿ 1966ರಲ್ಲೇ ನವಾಹೋ ಜನರೇ ನಡೆಸುವ, ನವಾಹೋ ಕಲಿಸುವ ಶಾಲೆ ಶುರುವಾಯಿತು. 1968ರಲ್ಲಿ ಅವರದೇ ಕಾಲೇಜು ಬಂತು, ಈಗ ದಿನೆ ಕಾಲೇಜ್ ಅನ್ನುತ್ತಾರೆ. ಕೋಡ್‌ನ ರಹಸ್ಯ ಬಿಡಿಸಿದ್ದೂ ಅದೇ 1968. ಆದ್ದರಿಂದ ಶಾಲೆಗಳನ್ನು ತಂದದ್ದು ಯುದ್ಧದ ಕೀರ್ತಿ ಅಲ್ಲ, ಊರಿನವರ ಹಟ.

ಬೆಂಕಿಪೊಟ್ಟಣ

ಕಳೆದ ವರ್ಷ ಅಂತ ಕಾಣುತ್ತದೆ, ಇವರ ಬಗ್ಗೆ ಇದ್ದ ಪುಟಗಳನ್ನು ಅಮೆರಿಕದ ಸೈನ್ಯವೇ ಅಳಿಸಿತು ಅಂತ ಓದಿದ್ದೆ. ಸುಳ್ಳು ಸುದ್ದಿಯಾ?

ಹಳೇಪುಸ್ತಕ

ಸುಳ್ಳಲ್ಲ. 2025ರ ಮಾರ್ಚ್. ವೈವಿಧ್ಯದ ಹೆಸರಿನ ವಿಷಯಗಳನ್ನೆಲ್ಲ ವೆಬ್‌ಸೈಟ್‌ಗಳಿಂದ ತೆಗೆಯುವ ಭರಾಟೆಯಲ್ಲಿ ಕೋಡ್ ಟಾಕರ್‌ಗಳ ಪುಟಗಳೂ ಹೋದವು. ನವಾಹೋ ನೇಷನ್, ಅಂದರೆ ಅವರದೇ ಸ್ಥಳೀಯ ಸರಕಾರ, ಗಲಾಟೆ ಮಾಡಿದ ಮೇಲೆ ವಾಪಸ್ ಹಾಕಿದರು.

ಮೈಲಿಗಲ್ಲು77

ಇವರಲ್ಲಿ ಯಾರಾದರೂ ಇನ್ನೂ ಇದ್ದಾರಾ?

ಫೀನಿಕ್ಸ್_ಕನ್ನಡಿಗ

2024ರ ಅಕ್ಟೋಬರ್‌ನಲ್ಲಿ ಜಾನ್ ಕಿನ್ಸೆಲ್ ತಮ್ಮ 107ನೇ ವಯಸ್ಸಿನಲ್ಲಿ ಹೋದರು. ಆಗ ಉಳಿದವರು ಇಬ್ಬರು, ಥಾಮಸ್ ಬೆಗೇ ಮತ್ತು ಪೀಟರ್ ಮ್ಯಾಕ್‌ಡೊನಾಲ್ಡ್.

ಆಗಸ್ಟ್ 14ಕ್ಕೆ ವಿಂಡೋ ರಾಕ್‌ನಲ್ಲಿ ಪ್ರತಿ ವರ್ಷ ಕಾರ್ಯಕ್ರಮ ಇರುತ್ತದೆ. ದೊಡ್ಡ ತೂತಿರುವ ಕೆಂಪು ಬಂಡೆ, ಅದರ ಕೆಳಗೆ ರೇಡಿಯೋ ಹಿಡಿದು ಮಂಡಿಯೂರಿದ ಕೋಡ್ ಟಾಕರ್ ಪ್ರತಿಮೆ. ಫೀನಿಕ್ಸ್ ಕಡೆ ಇರುವವರು ಬರುವುದಾದರೆ ಇಲ್ಲೇ ಹೇಳಿ, ಒಂದೇ ಕಾರಿನಲ್ಲಿ ಹೋಗೋಣ. ಬೆಳಗಾಗುವ ಮುಂಚೆ ಹೊರಡಬೇಕು, ದಾರಿಯಲ್ಲಿ ಬಂಕ್ ಕಡಿಮೆ, ನೀರು ಜಾಸ್ತಿ ಇಟ್ಟುಕೊಳ್ಳಿ. ಇನ್ನೊಂದು, ಬೇಸಿಗೆಯಲ್ಲಿ ಅರಿಜೋನಾ ಗಡಿಯಾರ ಮುಂದೆ ಹಾಕುವುದಿಲ್ಲ, ನವಾಹೋ ನೇಷನ್ ಹಾಕುತ್ತದೆ. ನಮ್ಮ ಎಂಟು ಗಂಟೆ ಅಲ್ಲಿ ಒಂಬತ್ತು. ಗೊತ್ತಿಲ್ಲದೆ ಹೋದವರು ಭಾಷಣ ಮುಗಿದ ಮೇಲೆ ತಲುಪುತ್ತಾರೆ.